ರೈಟಣ್ಣನ ಬಾಗಿಲು

ಬಸ್ಸಿನ ಕಂಡಕ್ಟರನಿಗೆ ಬದುಕಿನಲ್ಲಿ ಎರಡು ಮಾತು ಸಾಕು. ಹೊರಡು ಎನ್ನುವುದಕ್ಕೆ ರೈಟ್, ನಿಲ್ಲು ಎನ್ನುವುದಕ್ಕೆ ಹೋಲ್ಡಾನ್. ನಾನು ಹೇಳಹೊರಟಿರುವ ಮನುಷ್ಯ ಈ ಎರಡರಲ್ಲಿ ಮೊದಲನೆಯದನ್ನು ಎಷ್ಟು ಸಲ, ಎಷ್ಟು ದೊಡ್ಡ ಗಂಟಲಲ್ಲಿ ಹೇಳಿದ್ದನೆಂದರೆ, ಅವನಿಗೆ ಹೆತ್ತವರಿಟ್ಟ ಹೆಸರು ಡಿಪೋದಲ್ಲಿ ಯಾರಿಗೂ ನೆನಪಿರಲಿಲ್ಲ. ಡ್ರೈವರುಗಳು, ಮೆಕ್ಯಾನಿಕ್ಕುಗಳು, ದಿನವೂ ಹತ್ತಿಳಿಯುವ ಪ್ರಯಾಣಿಕರು, ಕಡೆಗೆ ಸ್ವಂತ ಭಾವಮೈದ ಕೂಡ ಅವನನ್ನು ರೈಟಣ್ಣ ಎಂದೇ ಕರೆಯುತ್ತಿದ್ದರು. ಬಾಯಿ ರೈಟ್ ಎಂದರೆ ಸಾಕು, ಕೈ ತಾನಾಗಿಯೇ ಪಕ್ಕದಲ್ಲಿ ಸಿಕ್ಕಿದ್ದರ ಮೇಲೆ ಎರಡು ಸಲ ಬಡಿಯುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಲಿತ ಗುಣವೂ ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಎನ್ನುವುದಕ್ಕೆ ರೈಟಣ್ಣ ಸಾಕ್ಷಿಯಾಗಿದ್ದ.

ಇಂಥವನು ನಿವೃತ್ತನಾಗಿ ಮನೆಯಲ್ಲಿ ಕೂತ. ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಅರೆಹೊಲಿದ ಬಟ್ಟೆಗಳು. ಹಿಂದಿನ ಕೋಣೆ ರಾತ್ರಿ ಮಲಗುವುದಕ್ಕೆ, ಹಗಲು ಗಿರಾಕಿಗಳು ಬಟ್ಟೆ ತೊಟ್ಟು ನೋಡುವುದಕ್ಕೆ. ಮದುವೆಯಾದಂದಿನಿಂದ ಹಗಲುಹೊತ್ತು ಆ ಮನೆ ಅವಳದೇ ಆಗಿತ್ತು. ಈಗ ನಟ್ಟನಡುವೆ ಕುರ್ಚಿ ಹಾಕಿಕೊಂಡು ಗಂಡ ಕೂತಿದ್ದಾನೆ. ಗಿರಾಕಿಗಳು ಬಾಗಿಲಲ್ಲಿ ನಿಂತು ಹಿಂದೆಮುಂದೆ ನೋಡಿದರೆ, "ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯೆ ಜಾಗ ಇದೆ" ಎಂದು ಗದರುತ್ತಾನೆ. ಹೆಂಗಸರು ಅಳತೆ ಕೊಡುವ ಹೊತ್ತಿಗೆ ಅವನನ್ನು ಎಬ್ಬಿಸಿ ಬೀದಿಗೆ ಕಳಿಸಬೇಕು. ಬೀದಿಯ ಕೊನೆಯಲ್ಲೊಂದು ಕಲ್ಲುಬೆಂಚು. ಅಲ್ಲಿ ಅವನಂಥ ನಾಲ್ಕಾರು ಮಂದಿ ಕೂತು ಒಬ್ಬರ ರಕ್ತದೊತ್ತಡವನ್ನು ಇನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಆ ಬೆಂಚಿನ ಮೇಲೆ ಕೂತುಬಂದ ದಿನವೆಲ್ಲ ರೈಟಣ್ಣನಿಗೆ ತನಗೂ ಏನೋ ಕಾಯಿಲೆ ಇದೆ ಅನ್ನಿಸುತ್ತಿತ್ತು.

"ನಿಮ್ಮನ್ನ ಓಡಿಸ್ತಿದೀನಿ ಅನ್ಕೋಬೇಡಿ," ಎಂದಳು ಹೆಂಡತಿ ಒಂದು ದಿನ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಸಾಯಂಕಾಲ ಒಂದು ಹೊತ್ತಾದ್ರೂ ಎಲ್ಲಾದ್ರೂ ಹೋಗಿಬನ್ನಿ. ನನ್ನ ಗಿರಾಕಿಗಳು ಬರೋದೇ ಆಗ."

"ಎಲ್ಲಿಗೆ ಹೋಗ್ಲಿ? ಆ ಬೆಂಚಿಗಾ? ಅಲ್ಲಿ ಕೂತ್ರೆ ಬೇಗ ಹೋಗಿಬಿಡ್ತೀನಿ ಕಣೇ."

"ಬಿಡ್ತು ಅನ್ನಿ," ಎಂದಳು ಅವಳು.

ಆ ವಾರವೇ ಸಂಗೀತ ಸಭೆಯ ಗೇಟಿಗೆ ಒಂದು ಹಲಗೆ ನೇತುಬಿದ್ದದ್ದು ರೈಟಣ್ಣನ ಕಣ್ಣಿಗೆ ಬಿತ್ತು. ಬಾಗಿಲು ನೋಡಿಕೊಳ್ಳಲು ಜನ ಬೇಕು. ಬಾಗಿಲು ನೋಡಿಕೊಳ್ಳುವುದನ್ನು ತನಗಿಂತ ಚೆನ್ನಾಗಿ ಬಲ್ಲವರು ಯಾರು ಎಂದು ಅವನು ನೇರವಾಗಿ ಒಳಗೆ ಹೋದ. ಸಭೆಯ ಮ್ಯಾನೇಜರು ದಪ್ಪ ಕನ್ನಡಕದ, ಮಾತಿಗೊಂದು ನಿಟ್ಟುಸಿರು ಬಿಡುವ ಮನುಷ್ಯ. ಅವರು ರೈಟಣ್ಣನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಸಂಗೀತ ಗೊತ್ತೇನ್ರಿ?"

"ಗೊತ್ತು ಸಾರ್."

"ಅಂದ್ರೆ, ಕಲ್ತಿದೀರಾ?"

"ಕಲ್ತಿಲ್ಲ ಸಾರ್. ಕೇಳೋದು."

ಇದು ಹಸಿಸುಳ್ಳು. ಡ್ರೈವರುಗಳು ಹಾಕಿಸಿಕೊಂಡ ನಾನಾ ನಮೂನೆಯ ಹಾರ್ನುಗಳನ್ನು ಬಿಟ್ಟರೆ ಅವನು ಆಯಸ್ಸಿನಲ್ಲಿ ಕಿವಿಗೊಟ್ಟು ಕೇಳಿದ ಸಂಗೀತವಿಲ್ಲ. ಆದರೆ ಕಲ್ಲುಬೆಂಚು ಕಣ್ಣೆದುರಿಗೆ ಬಂದಾಗ ಎಂಥವನ ಬಾಯಲ್ಲೂ ಸುಳ್ಳು ಬರುತ್ತದೆ. ಮ್ಯಾನೇಜರು ನಿಟ್ಟುಸಿರು ಬಿಟ್ಟು, ನಾಳೆಯಿಂದ ಬನ್ನಿ ಎಂದರು.

ಕೆಲಸವೇನೋ ನೋಡಲು ಸುಲಭ. ಸೋಮವಾರವೊಂದನ್ನು ಬಿಟ್ಟು ದಿನವೂ ಸಂಜೆ ಅಲ್ಲಿ ಕಚೇರಿ ನಡೆಯುತ್ತಿತ್ತು. ಒಂದು ದಿನ ಹಾಡುಗಾರಿಕೆ, ಒಂದು ದಿನ ಕೊಳಲು, ಒಂದು ದಿನ ಪಿಟೀಲು. ಸಭಾಂಗಣಕ್ಕೆ ಎರಡು ಬಾಗಿಲು, ಒಂದು ಹೊರಗಿನದು, ಒಂದು ಒಳಗಿನದು. ಎರಡರ ನಡುವೆ ಬಸ್ಸಿನ ಮೆಟ್ಟಿಲಿಗಿಂತ ಸ್ವಲ್ಪ ದೊಡ್ಡದಾದ ಗೂಡು, ಅದರಲ್ಲೊಂದು ಸ್ಟೂಲು. ಒಳಬಾಗಿಲಿಗೆ ಸದ್ದು ಹಾಯದಂತೆ ದಪ್ಪ ಬಟ್ಟೆ ಹೊಡೆದಿದ್ದರು. ಆದರೂ ಕಿವಿ ತಾಗಿಸಿದರೆ ಒಳಗಿನ ಸಂಗೀತ ಕೇಳುತ್ತಿತ್ತು. ತಡವಾಗಿ ಬಂದವರು ಹೊರಬಾಗಿಲ ಹೊರಗೆ ಕಾಯಬೇಕು. ಒಳಗೆ ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಮಾತ್ರ ಅವರನ್ನು ಬಿಡಬೇಕು. ನಡುನಡುವೆ ಬಿಟ್ಟರೆ ನುಡಿಸುವವರಿಗೂ ಕೇಳುವವರಿಗೂ ರಸಭಂಗ. ಇಷ್ಟೇ ಕೆಲಸ, ಆದರೆ ಒಂದು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗಬೇಕಲ್ಲ.

ರೈಟಣ್ಣ ಚಪ್ಪಾಳೆಯನ್ನು ನಂಬಿಕೊಂಡ. ಚಪ್ಪಾಳೆ ಕೈಕೊಟ್ಟಿತು. ಈ ಜನ ಮುಗಿದ ಮೇಲೂ ತಟ್ಟುತ್ತಾರೆ, ನಡುವೆ ಖುಷಿಯಾದರೂ ತಟ್ಟುತ್ತಾರೆ, ಕೆಲವು ಸಲ ಮುಗಿದ ಮೇಲೂ ತಟ್ಟದೆ ಸುಮ್ಮನೆ ಕೂತಿರುತ್ತಾರೆ. ಬಸ್ಸಿನಲ್ಲಿ ಇಳಿಯುವವನು ಇಳಿಯುತ್ತೇನೆ ಎನ್ನುತ್ತಾನೆ, ಇಲ್ಲಿ ಯಾರೂ ಏನೂ ಹೇಳುವುದಿಲ್ಲ.

ಸೇರಿದ ಮೊದಲ ವಾರವೇ ಅನಾಹುತವಾಯಿತು. ಅಂದು ಪಿಟೀಲಿನ ಅಮ್ಮನವರ ಕಚೇರಿ. ತಲೆ ಪೂರ್ತಿ ಬೆಳ್ಳಗಾದ, ದೊಡ್ಡ ಹೆಸರಿನ ಹೆಂಗಸು. ಸಭಾಂಗಣ ಕಿಕ್ಕಿರಿದಿತ್ತು, ಹೊರಗೂ ಜನ ಒತ್ತಿಕೊಂಡು ನಿಂತಿದ್ದರು. ಒಳಗೆ ಪಿಟೀಲು ಎಳೆದೆಳೆದು ಎಲ್ಲೆಲ್ಲೋ ಹೋಗಿ ಇದ್ದಕ್ಕಿದ್ದಂತೆ ನಿಂತಿತು. ಚಪ್ಪಾಳೆ ಇಲ್ಲ, ಸದ್ದಿಲ್ಲ, ಯಾರೂ ಕೆಮ್ಮಲೂ ಇಲ್ಲ. ರೈಟಣ್ಣನ ಲೆಕ್ಕದಲ್ಲಿ ಅಷ್ಟು ಹೊತ್ತು ಸುಮ್ಮನಿದೆ ಎಂದರೆ ಗಾಡಿ ನಿಂತಿದೆ, ಜನ ಹತ್ತಿಯಾಗಿದೆ, ಇನ್ನು ಹೊರಡಬೇಕು. ಅವನು ಯೋಚಿಸಲಿಲ್ಲ. ಯೋಚಿಸಿದ್ದರೆ ಹಾಗಾಗುತ್ತಿರಲಿಲ್ಲ. ಕೈ ಮೇಲೆದ್ದು ಬಾಗಿಲ ಮೇಲೆ ಎರಡು ಸಲ ಬಡಿಯಿತು, ಬಾಯಿ ತೆರೆದುಕೊಂಡಿತು.

"ರೈಟ್, ರೈಟ್!"

ಎರಡು ಬಾಗಿಲೂ ತೆರೆದುಕೊಂಡವು. ಇಡೀ ಸಭೆ ಕತ್ತು ತಿರುಗಿಸಿ ನೋಡಿತು. ಮರುಕ್ಷಣವೇ ಪಿಟೀಲು ಮತ್ತೆ ಹೊರಟಿತು, ಹೊರಗಿನ ಜನ ಅದರ ನಡುವೆಯೇ ತುದಿಗಾಲಲ್ಲಿ ಒಳನುಗ್ಗಿದರು. ಅವರಲ್ಲೊಬ್ಬನ ಬೂಟು ಕಿರ್ರೆನ್ನುತ್ತಿತ್ತು, ಅವನಿಗೆ ಜಾಗ ಸಿಕ್ಕಿದ್ದು ಮೊದಲನೇ ಸಾಲಿನಲ್ಲಿ. ರೈಟಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕಚೇರಿ ಮುಗಿದ ಮೇಲೆ ಮ್ಯಾನೇಜರು ಬಂದು, ಕನ್ನಡಕ ತೆಗೆದು ಒರೆಸಿಕೊಂಡು, ಬಹಳ ಮೆಲ್ಲಗೆ ಮಾತಾಡಿದರು. ಗದರಿದ್ದರೆ ರೈಟಣ್ಣನಿಗೆ ಹಗುರವಾಗುತ್ತಿತ್ತು.

"ಮುಂದಿನ ತಿಂಗಳ ಕೊನೆಗೆ ಇದೇ ಅಮ್ಮನದು ಇನ್ನೊಂದು ಕಚೇರಿ ಇದೆ. ಅವತ್ತಾದ್ರೂ ನಮ್ಮ ಮಾನ ಉಳಿಸಿ. ಇಲ್ಲದಿದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಮನೆಗೆ ಬಂದು ಹೇಳಿದಾಗ ಹೆಂಡತಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೆಷಿನ್ನಿನ ಮೇಲೆ ತಲೆಯಿಟ್ಟು ನಕ್ಕಳು. ಆಮೇಲೆ ಗಂಡನ ಮುಖ ನೋಡಿ ನಗು ನಿಲ್ಲಿಸಿದಳು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು," ಎಂದಳು. "ಗೊತ್ತಿಲ್ಲ ಅಂತ ಮೊದಲೇ ಹೇಳೋದಲ್ವಾ?"

"ಹೇಳಿದ್ರೆ ಕೆಲಸ ಕೊಡ್ತಿದ್ರಾ?"

"ಈಗ ಹೇಳಿ."

"ಈಗ ಹೇಳಿದ್ರೆ ಇಟ್ಕೋತಾರಾ?"

ಇಬ್ಬರ ಕಣ್ಣೆದುರಿಗೂ ಬೀದಿಯ ಕೊನೆಯ ಬೆಂಚು ಬಂದು ನಿಂತಿತ್ತು. ಅವಳು ತಟ್ಟೆ ಇಟ್ಟಳು, ಅವನು ಉಂಡ.

ಮರುದಿನದಿಂದ ರೈಟಣ್ಣ ಬೇರೆ ದಾರಿ ಕಾಣದೆ ಒಳಬಾಗಿಲಿಗೆ ಕಿವಿ ಹಚ್ಚಿ ಕೂರತೊಡಗಿದ. ಯಾರನ್ನೂ ಕೇಳುವಂತಿಲ್ಲ. ಗೊತ್ತು ಎಂದವನು ಯಾವ ಬಾಯಲ್ಲಿ ಕೇಳಿಯಾನು? ಮೊದಮೊದಲು ಒಳಗೆ ಯಾರೋ ತುಂಬ ನಿಧಾನವಾಗಿ, ತುಂಬ ಮರ್ಯಾದೆಯಿಂದ ಜಗಳವಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಹಾಡಿದ್ದನ್ನೇ ಹಾಡುವ ಕಿಸಬಾಯಿ ದಾಸರು ಎಂದು ಬೈದುಕೊಂಡ. ಒಂದೇ ಸಾಲನ್ನು ತಿರುಗಿಸಿ ಮುರುಗಿಸಿ ಹೇಳುತ್ತಾರಲ್ಲ, ಇವರಿಗೆ ಮನೆಯಲ್ಲಿ ಕಾಯುವವರು ಯಾರೂ ಇಲ್ಲವೇ ಎಂದುಕೊಂಡ.

ಮೊದಲು ಕೈಗೆ ಸಿಕ್ಕಿದ್ದು ತಂಬೂರಿ. ಹಾಡು ಶುರುವಾಗುವ ಮುಂಚಿನಿಂದ ಮುಗಿಯುವ ತನಕ ಒಳಗೆ ಏನೋ ಒಂದು ಗುಂಯ್ ಎನ್ನುತ್ತಲೇ ಇತ್ತು. ಒಂದು ಸಂಜೆ ಅದನ್ನು ಕೇಳುತ್ತ ಕೇಳುತ್ತ ಅವನಿಗೆ ಅದು ಎಲ್ಲೋ ಕೇಳಿದ ಸದ್ದು ಅನ್ನಿಸಿತು. ಎಲ್ಲಿ? ಬೆಳಗಿನ ಡಿಪೋದಲ್ಲಿ. ಮೊದಲ ಟ್ರಿಪ್ಪಿಗೆ ಮುಂಚೆ ಡ್ರೈವರು ಎಂಜಿನ್ ಚಾಲೂ ಮಾಡಿ ಬಿಟ್ಟು ಮುಖ ತೊಳೆಯಲು ಹೋಗುತ್ತಿದ್ದ. ಖಾಲಿ ಬಸ್ಸು ನಿಂತಲ್ಲೇ ಸಣ್ಣಗೆ ಗುಂಯ್ಗುಡುತ್ತಿತ್ತು. ರೈಟಣ್ಣ ಆಗ ಕಿಟಕಿ ಪಕ್ಕದ ಸೀಟಿನಲ್ಲಿ ಒಬ್ಬನೇ ಕೂರುತ್ತಿದ್ದ. ಚಿಲ್ಲರೆ ಜಗಳವಿಲ್ಲ, ನೂಕುನುಗ್ಗಲಿಲ್ಲ, ಯಾರೂ ಏನೂ ಕೇಳುವುದಿಲ್ಲ. ದಿನದಲ್ಲಿ ಅವನಿಗೆಂದು ಇದ್ದದ್ದು ಅದೊಂದು ಗಳಿಗೆ. ಅಂಥದೊಂದನ್ನು ತಾನು ಅಷ್ಟು ಇಷ್ಟಪಟ್ಟಿದ್ದೆ ಎಂಬುದೇ ಅವನಿಗೆ ಈಗ ಗೊತ್ತಾಯಿತು. ಓಹೋ, ಗಾಡಿ ಚಾಲೂ ಇದೆ, ಇನ್ನೂ ಹೊರಟಿಲ್ಲ, ಅಷ್ಟೇ ಎಂದುಕೊಂಡ. ಎದೆಯ ಮೇಲಿನ ಭಾರ ಒಂದು ಚೂರು ಇಳಿಯಿತು.

ಎಂಜಿನ್ ಸಿಕ್ಕಿದ ಮೇಲೆ ಒಂದೊಂದೇ ಬಿಡಿಭಾಗ ಸಿಗತೊಡಗಿತು. ಒಬ್ಬ ಹಾಡುಗಾರ ಹಾಡುವಾಗ ಗಮನವಿಟ್ಟು ಕೇಳಿದರೆ, ಅವನು ಎಲ್ಲಿಗೇ ಹೋಗಲಿ, ಎಷ್ಟೇ ಮೇಲೆ ಹತ್ತಲಿ, ಎಂಥ ಸಂದಿಗೊಂದಿಯಲ್ಲಿ ನುಗ್ಗಲಿ, ಕೊನೆಗೆ ಆ ಗುಂಯ್ ಎನ್ನುವ ಜಾಗಕ್ಕೇ ಬಂದು ಸೇರುತ್ತಿದ್ದ. ಊರೆಲ್ಲ ಸುತ್ತಿದ ಬಸ್ಸು ಡಿಪೋಗೇ ಬರಬೇಕಲ್ಲವೇ, ಹಾಗೆ. ಇದು ಹೊಳೆದ ದಿನ ರೈಟಣ್ಣ ಗೂಡಿನಲ್ಲಿ ಒಬ್ಬನೇ ನಕ್ಕ. ಅಲ್ಲಿಂದ ಮುಂದೆ ಅವನಿಗೆ ಕೇಳುವುದೊಂದು ಆಟವಾಯಿತು. ಈಗ ಎಲ್ಲಿದ್ದಾನೆ, ದಾರಿ ತಪ್ಪಿದನೇ, ಈ ತಿರುವು ನಿನ್ನೆ ಬಂದಿತ್ತಲ್ಲ, ಬರುತ್ತಿದ್ದಾನೆ, ಬರುತ್ತಿದ್ದಾನೆ, ಬಂದ. ಬಂದು ಸೇರಿದ ಕೂಡಲೇ ಅವನಿಗೇ ಗೊತ್ತಿಲ್ಲದೆ ಅವನ ಹೆಗಲು ಕೆಳಗಿಳಿಯುತ್ತಿತ್ತು. ಇಷ್ಟು ವರ್ಷ ಆ ಹೆಗಲು ಕಿವಿಯ ಹತ್ತಿರವೇ ಇತ್ತು, ಬಸ್ಸಿನ ಮೇಲುಕಂಬಿ ಹಿಡಿದೂ ಹಿಡಿದೂ.

ಆದರೆ ತಾಳವಿಲ್ಲದೆ ಹಾಡುವ ಆಲಾಪನೆ ಮಾತ್ರ ಬಹಳ ದಿನ ಅವನ ಕೈಗೆ ಹತ್ತಲಿಲ್ಲ. ಮೃದಂಗ ಸೇರಿದರೆ ಪರವಾಗಿಲ್ಲ, ಟೈಮಿಗೆ ಓಡುವ ಬಸ್ಸು. ಇದು ಯಾವ ಸ್ಟಾಪಿಗೂ ಹೊತ್ತಿಲ್ಲದೆ ಹೋಗುವ ಗಾಡಿ. ಆಲಾಪನೆ ಶುರುವಾದರೆ ಅವನಿಗೆ ಮೈಯೆಲ್ಲ ಚಡಪಡಿಕೆ. ಹಾಗಿರುವಾಗ ಒಂದು ದಿನ ಮೊಣಕಾಲು ನೋವು ವಿಪರೀತವಾಗಿ, ಚಡಪಡಿಸಲೂ ತ್ರಾಣವಿಲ್ಲದೆ ಬಾಗಿಲಿಗೆ ಒರಗಿ ಕೂತಿದ್ದ. ಒಳಗೆ ಒಬ್ಬಾಕೆ ಒಂದೇ ಒಂದು ಸ್ವರವನ್ನು ಹಿಡಿದು ನಿಂತಳು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಇವಳಿಗೇನೂ ಅವಸರವಿಲ್ಲ ಎಂದುಕೊಂಡ ರೈಟಣ್ಣ. ಸ್ವಲ್ಪ ಹೊತ್ತಾದ ಮೇಲೆ, ನನಗೂ ಇಲ್ಲವಲ್ಲ ಎಂದುಕೊಂಡ. ಅವನು ಹಾಗೆ ಅಂದುಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಹಾಡು ಮುಗಿದಾಗ ಮೊಣಕಾಲು ನೋವು ಇದ್ದಲ್ಲೇ ಇತ್ತು, ಆದರೆ ಅಷ್ಟು ಹೊತ್ತು ಅದು ನೆನಪಿಗೇ ಬಂದಿರಲಿಲ್ಲ.

ಅಂದಿನಿಂದ ಸೋಮವಾರಗಳು ಉದ್ದವಾದವು. ಮುಖಕ್ಷೌರ ಮಾಡಿಕೊಳ್ಳುವಾಗ ಹಿಂದಿನ ಸಂಜೆಯ ಒಂದು ತುಣುಕು ಗಂಟಲಿಗೆ ಬಂದು ಕೂರುತ್ತಿತ್ತು. ಅದನ್ನು ಹೊರಗೆ ಹಾಕಿದರೆ ಬೇರೇನೋ ಬರುತ್ತಿತ್ತು.

"ಏನ್ರೀ ಅದು? ಹಲ್ಲು ನೋವಾ?" ಎಂದು ಕೇಳಿದಳು ಹೆಂಡತಿ.

"ರಾಗ ಕಣೇ."

"ರಾಗನಾ? ನಾನು ಏನಾದ್ರೂ ಕೇಳಿದಾಗೆಲ್ಲ ಎಳೀತಿದ್ರಲ್ಲ, ಅದೇನಾ?"

ಬೆಂಚಿನ ಗೆಳೆಯರದು ಇನ್ನೊಂದು ಕಥೆ. ರೈಟಣ್ಣ ಸಂಜೆಯಾದರೆ ಒಗೆದ ಅಂಗಿ ತೊಟ್ಟು, ಕಚೇರಿಗೆ ಹೊತ್ತಾಯಿತು ಎಂದು ಹೇಳಿ ಹೊರಡುತ್ತಿದ್ದ. ಅವರೆಲ್ಲ ಅವನಿಗೆ ಯಾವುದೋ ಸರ್ಕಾರಿ ಆಫೀಸಿನಲ್ಲಿ ಮತ್ತೆ ಕೆಲಸ ಸಿಕ್ಕಿದೆ ಎಂದು ತಿಳಿದರು. ಒಬ್ಬರು ತಮ್ಮ ಮನೆಯ ನೀರಿನ ನಲ್ಲಿಯ ಅರ್ಜಿ ಎಲ್ಲಿಗೆ ಬಂತು ಎಂದು ನೋಡಲು ಹೇಳಿದರು. ರೈಟಣ್ಣ ನೋಡುತ್ತೇನೆ ಎಂದ. ಒಂದು ಸುಳ್ಳು ಹೇಳಿದವನಿಗೆ ಇನ್ನೊಂದು ಅಷ್ಟು ಭಾರವಾಗುವುದಿಲ್ಲ.

ಆದರೆ ಮೊದಲನೆಯ ಸುಳ್ಳು ಭಾರವಾಗುತ್ತಲೇ ಹೋಯಿತು. ಸಂಗೀತ ರುಚಿಸಿದಷ್ಟೂ ಭಾರವಾಯಿತು. ಮೊದಲು ಕಳೆದುಹೋಗಬಹುದಾಗಿದ್ದದ್ದು ಕೆಲಸ ಮಾತ್ರ. ಈಗ ಆ ಗೂಡು, ಆ ಸ್ಟೂಲು, ಒಳಗೆ ಗುಂಯ್ಗುಡುವ ಆ ಸದ್ದು ಎಲ್ಲ ಸೇರಿತ್ತು. ಒಂದು ಚಿಟಿಕೆ ಸಕ್ಕರೆ ನಾಲಿಗೆಗಿಟ್ಟು ಡಬ್ಬಿ ಕಿತ್ತುಕೊಂಡ ಹಾಗಾಗುತ್ತದೆ ಎಂದು ಅವನಿಗೆ ಹೆದರಿಕೆ. ಆ ಕಚೇರಿಯ ದಿನ ಹತ್ತಿರ ಬಂದಂತೆ ಊಟ ಸೇರದಾಯಿತು.

ಇದನ್ನೆಲ್ಲ ನೋಡುತ್ತಿದ್ದ ಹೆಂಡತಿ, ಪಿಟೀಲಿನ ಅಮ್ಮನ ಕಚೇರಿಯ ದಿನ ಬೆಳಿಗ್ಗೆ, "ಇವತ್ತು ನಾನೂ ಬರ್ತೀನಿ," ಎಂದಳು.

"ಯಾಕೆ?"

"ನೀವು ರೈಟ್ ಅಂದ್ರೆ ಬಾಯಿ ಮುಚ್ಚೋಕೆ."

"ತಡ ಮಾಡ್ಬೇಡ ಮತ್ತೆ. ಶುರುವಾದ ಮೇಲೆ ನನ್ನಪ್ಪ ಬಂದ್ರೂ ಬಿಡೋ ಹಾಗಿಲ್ಲ."

ಅವಳು ತಡಮಾಡಿಯೇ ಬಂದಳು. ಕೊನೆಗಳಿಗೆಯಲ್ಲಿ ಒಬ್ಬಳು ಗಿರಾಕಿ ತೋಳು ಬಿಗಿಯಾಯಿತು ಎಂದು ಬಿಚ್ಚಿಸಿ ಹೊಲಿಸಿದ್ದಳಂತೆ. ಅಷ್ಟು ಹೊತ್ತಿಗೆ ಸಭಾಂಗಣ ತುಂಬಿ ಬಾಗಿಲು ಮುಚ್ಚಿತ್ತು. ಹೊರಬಾಗಿಲ ಗಾಜಿನ ಕಿಂಡಿಯಲ್ಲಿ ರೈಟಣ್ಣನಿಗೆ ಮೊದಲು ಕಂಡದ್ದು ಅಳತೆಯ ಟೇಪು. ಅವಳು ಅವಸರದಲ್ಲಿ ಅದನ್ನು ಕೊರಳಿಂದ ತೆಗೆಯುವುದನ್ನೇ ಮರೆತು ಬಂದಿದ್ದಳು. ಹಿಂದೆ ಇನ್ನೂ ಕೆಲವರು ನಿಂತಿದ್ದರು. ಅವನು ಕಿಂಡಿಯಲ್ಲಿ ಅಂಗೈ ತೋರಿಸಿದ. ಹೋಲ್ಡಾನ್. ಆಮೇಲೆ ಮನಸ್ಸು ತಡೆಯದೆ ಹೊರಬಾಗಿಲನ್ನು ಒಂದು ಗೇಣು ತೆಗೆದು ಅವಳೊಬ್ಬಳನ್ನು ಗೂಡಿನೊಳಕ್ಕೆ ಎಳೆದುಕೊಂಡು ಮತ್ತೆ ಮುಚ್ಚಿದ. ನಿಯಮದ ಪ್ರಕಾರ ಅದೂ ತಪ್ಪೇ. ಆದರೆ ಇಡೀ ದಿನ ಮೆಷಿನ್ ತುಳಿದ ಕಾಲು ಅವಳದು, ಗೂಡಿನಲ್ಲಿ ಸ್ಟೂಲಿತ್ತು.

"ಕೂತ್ಕೋ. ಮಾತಾಡ್ಬೇಡ," ಎಂದ ಪಿಸುಮಾತಿನಲ್ಲಿ. ಮದುವೆಯಾದ ಮೇಲೆ ಅವಳಿಗೆ ಹಾಗೆಂದು ಬಚಾವಾದದ್ದು ಅದೊಂದೇ ಸಲ.

ಒಳಗೆ ಪಿಟೀಲು ನಿಧಾನವಾಗಿ ಹೊರಟಿತ್ತು. ಅದೇ ಅಂದಿನ ರಾಗ. ರಾಗದ ಹೆಸರು ರೈಟಣ್ಣನಿಗೆ ಗೊತ್ತಿಲ್ಲ, ಆದರೆ ದಾರಿ ಗೊತ್ತಾಯಿತು. ಇಲ್ಲೊಂದು ತಿರುವು ಬರುತ್ತದೆ ಎಂದುಕೊಂಡ, ಬಂತು. ಈಗ ಮೇಲೆ ಹತ್ತುತ್ತದೆ ಎಂದುಕೊಂಡ, ಹತ್ತಲಿಲ್ಲ, ಕೆಳಗಿಳಿದು ಒಂದು ತಂಪಾದ ಕಡೆಗೆ ಹೋಯಿತು. ತಾನು ಅಂದುಕೊಂಡದ್ದು ತಪ್ಪಾದದ್ದೇ ಅವನಿಗೆ ಇನ್ನೂ ಚೆನ್ನಾಗಿತ್ತು. ಹೆಂಡತಿ ಸ್ಟೂಲಿನ ಮೇಲೆ ಕೂತು, ಒಳಬಾಗಿಲ ಪಕ್ಕದ ಗೋಡೆಗೆ ಬೆನ್ನು ಒರಗಿಸಿ ಕಣ್ಣು ಮುಚ್ಚಿದ್ದಳು. ಅವಳಿಗೆ ನಿದ್ದೆ ಬಂತೇನೋ ಎಂದು ನೋಡಿದರೆ ಬಲಗಾಲಿನ ಹೆಬ್ಬೆರಳು ಮೆಲ್ಲಗೆ ಅಲ್ಲಾಡುತ್ತಿತ್ತು. ಒಂದೇ ಸದ್ದಿಗೆ ಇಬ್ಬರೂ ಒಟ್ಟಿಗೆ ಕಿವಿಗೊಟ್ಟು ಎಷ್ಟು ಕಾಲವಾಗಿತ್ತೋ.

ಆಗ ಪಿಟೀಲು ನಿಂತಿತು.

ಅದೇ ಜಾಗ. ಅದೇ ಮೌನ. ಹೆಂಡತಿ ಕಣ್ಣು ತೆರೆದಳು. ಅವಳಿಗೆ ಸಂಗೀತ ಗೊತ್ತಿಲ್ಲದಿದ್ದರೂ ಗಂಡ ಗೊತ್ತು. ಅವಳು ನೋಡುತ್ತಿದ್ದಂತೆ ಅವನ ಬಲಗೈ ಮೇಲೆದ್ದಿತು. ಅವಳು ಟೇಪಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹೊರಗಿನವರು ಗಾಜಿಗೆ ಮುಖ ಒತ್ತಿ, ಮುಗೀತಲ್ಲ, ತೆಗೀರಿ ಎಂದು ಸನ್ನೆ ಮಾಡುತ್ತಿದ್ದರು. ಡಿಪೋಗೆ ಇನ್ನೂ ಬಂದಿಲ್ಲ ಎಂದುಕೊಂಡ ರೈಟಣ್ಣ. ಅವನು ಎದ್ದ ಕೈಯನ್ನು ಇಳಿಸಿ ಪ್ಯಾಂಟಿನ ಜೇಬಿಗೆ ತುರುಕಿದ. ಇನ್ನೊಂದನ್ನೂ ತುರುಕಿದ. ಒಳಗೆ ತಂಬೂರಿ ಮಾತ್ರ ಗುಂಯ್ಗುಡುತ್ತಿತ್ತು. ಆ ಮೌನ ಎಷ್ಟು ಹೊತ್ತಿತ್ತೋ ಅವನಿಗೆ ತಿಳಿಯದು. ಮೊದಲು ಭಯವಿತ್ತು, ಆಮೇಲೆ ಭಯವೂ ಸುಮ್ಮನಾಯಿತು. ಇಷ್ಟು ದಿನ ಕೇಳಿದ್ದರಲ್ಲೆಲ್ಲ ಇದೇ ಚೆನ್ನ ಅನ್ನಿಸಿತು.

ಪಿಟೀಲು ಮತ್ತೆ ಹೊರಟಿತು. ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ತೀರ ಮೆಲ್ಲಗೆ. ಆಮೇಲೆ ಮೃದಂಗ ಸೇರಿತು, ದಾರಿ ಅಗಲವಾಯಿತು, ಓಡಿತು, ಸುತ್ತಿತು, ಏರಿತು. ಬರುತ್ತಿದ್ದಾಳೆ, ಬರುತ್ತಿದ್ದಾಳೆ, ಬಂದಳು. ರೈಟಣ್ಣ ಹಣೆಯನ್ನು ಒಳಬಾಗಿಲ ದಪ್ಪಬಟ್ಟೆಗೆ ಒತ್ತಿ ನಿಂತಿದ್ದ. ಕಣ್ಣಲ್ಲಿ ನೀರು ಬಂದಿತ್ತು, ಯಾಕೆಂದು ಕೇಳಿದರೆ ಹೇಳಲು ಅವನಿಗೆ ಬರುತ್ತಿರಲಿಲ್ಲ. ಒಳಗೆ ಚಪ್ಪಾಳೆ ಬೀಳುತ್ತಿತ್ತು. ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದರು. ಅವನಿಗೆ ಚಪ್ಪಾಳೆ ಯಾವುದು, ಬಾಗಿಲು ಯಾವುದು ಒಂದೂ ತಿಳಿಯಲಿಲ್ಲ. ಹೆಂಡತಿಯೂ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಕೂತೇ ಇದ್ದಳು.

ಹಣೆಗೆ ಒತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಆ ಕಡೆಗೆ ಹೋಯಿತು. ರೈಟಣ್ಣ ಮುಗ್ಗರಿಸಿ ಮ್ಯಾನೇಜರ ಎದೆಯ ಮೇಲೆ ಬಿದ್ದ. ಅವರು ಅವನನ್ನು ನೆಟ್ಟಗೆ ನಿಲ್ಲಿಸಿ, ಅವನ ಹೆಂಡತಿಯನ್ನು ನೋಡಿ, ಅವಳ ಕೊರಳ ಟೇಪು ನೋಡಿ, ನಿಟ್ಟುಸಿರು ಬಿಟ್ಟು, ತಾವೇ ಹೋಗಿ ಹೊರಬಾಗಿಲು ತೆಗೆದು ಜನರನ್ನು ಒಳಗೆ ಬಿಟ್ಟರು.

"ಆಮೇಲೆ ಮಾತಾಡೋಣ," ಎಂದು ಹೇಳಿ ಒಳಗೆ ಹೋದರು.

ಉಳಿದ ಕಚೇರಿ ರೈಟಣ್ಣನ ಕಿವಿಗೆ ಬೀಳಲಿಲ್ಲ. ಮೊದಲ ಸಲ ಬಾಗಿಲು ಬೇಗ ತೆಗೆದದ್ದಕ್ಕೆ ಬೈಸಿಕೊಂಡಿದ್ದ, ಈಗ ತೆಗೆಯದೇ ಇದ್ದದ್ದಕ್ಕೆ ಹೋಗುತ್ತಿದ್ದಾನೆ. ಬೆಂಚಿನ ಮೇಲೆ ತನ್ನ ಜಾಗ ಯಾವ ಮೂಲೆ ಎಂದು ಯೋಚಿಸಿದ. ಒಂದು ನಿರ್ಧಾರ ಮಾತ್ರ ಮಾಡಿಕೊಂಡ. ಹೋಗುವುದೇ ಆದರೆ ಸುಳ್ಳನ್ನು ಹೊತ್ತುಕೊಂಡು ಹೋಗುವುದು ಬೇಡ.

ಜನ ಚದುರಿದ ಮೇಲೆ ಮ್ಯಾನೇಜರು ಬಂದರು. ಅವರು ಬಾಯಿ ತೆರೆಯುವ ಮೊದಲೇ ರೈಟಣ್ಣ ಹೇಳಿಬಿಟ್ಟ.

"ಸಾರ್, ನನಗೆ ಸಂಗೀತ ಗೊತ್ತಿಲ್ಲ. ಅವತ್ತು ಸುಳ್ಳು ಹೇಳಿದ್ದೆ."

"ಗೊತ್ತು," ಎಂದರು ಮ್ಯಾನೇಜರು.

"ಯಾವಾಗಿಂದ ಸಾರ್?"

"ರೈಟ್ ಅಂದ್ರಲ್ಲ, ಆವಾಗಿಂದ. ಅದನ್ನ ತಿಳ್ಕೊಳ್ಳೋಕೆ ಸಂಗೀತ ಗೊತ್ತಿರಬೇಕೇನ್ರಿ?" ಅವರು ಕನ್ನಡಕ ತೆಗೆದರು. ಅದಿಲ್ಲದೆ ಅವರ ಮುಖ ಅಷ್ಟೇನೂ ಗಡಸಾಗಿರಲಿಲ್ಲ. "ಅವತ್ತೇ ಕಳಿಸ್ಬೇಕು ಅಂತಿದ್ದೆ. ಅಮ್ಮನೇ ಬೇಡ ಅಂದ್ರು. ಬನ್ನಿ, ನಿಮ್ಮನ್ನ ಕರೀತಿದಾರೆ. ನೀವೂ ಬನ್ನಿ ತಾಯಿ."

ವೇದಿಕೆಯ ಹಿಂದಿನ ಕೋಣೆಯಲ್ಲಿ ಪಿಟೀಲಿನ ಅಮ್ಮ ಪಿಟೀಲನ್ನು ಮೆತ್ತನೆ ಬಟ್ಟೆಯಿಂದ ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದರು. ಹತ್ತಿರದಿಂದ ನೋಡಿದರೆ ಸಣ್ಣ ಆಳು. ಬೆರಳ ತುದಿಗಳು ಹೆಂಡತಿಯ ಬೆರಳುಗಳ ಹಾಗೇ ಗಟ್ಟಿ ಕಟ್ಟಿದ್ದವು.

"ನೀವೇನಾ ಅವತ್ತು ರೈಟ್ ಅಂದೋರು?"

"ತಪ್ಪಾಯ್ತು ಅಮ್ಮಾ. ಬಸ್ಸಿನ ಅಭ್ಯಾಸ. ಬಾಯಿಗೆ ಬಂದುಬಿಡ್ತು."

"ಕೂತ್ಕೊಳ್ಳಿ," ಎಂದರು ಅವರು. ಪೆಟ್ಟಿಗೆ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡರು. "ಅವತ್ತು ನಾನು ಬೇಕೂಂತ ನಿಲ್ಲಿಸಿದ್ದಲ್ಲ. ಮುಂದೇನು ಅಂತ ಮರೆತುಹೋಯ್ತು. ವಯಸ್ಸಾಯ್ತಲ್ಲ. ಇಷ್ಟು ವರ್ಷ ನುಡಿಸಿದ ರಾಗ, ಕೈಯಲ್ಲಿ ಏನೂ ಇಲ್ಲ, ಪೂರ್ತಿ ಖಾಲಿ. ಇಲ್ಲಿಗೆ ನನ್ನ ಕಥೆ ಮುಗೀತು, ಇನ್ನು ಎದ್ದು ಮನೆಗೆ ಹೋಗೋದೇ ಅನ್ಕೊಂಡೆ. ಆಗ ಯಾರೋ ಬಾಗಿಲು ಬಡಿದು ರೈಟ್ ಅಂದ್ರು. ಕೈ ತಾನೇ ಹೊರಟುಬಿಡ್ತು. ಹೊರಟ ಮೇಲೆ ದಾರಿ ಸಿಕ್ತು."

ರೈಟಣ್ಣ ಹೆಂಡತಿಯ ಮುಖ ನೋಡಿದ, ಅವಳು ಅವನ ಮುಖ ನೋಡಿದಳು.

"ಇದನ್ನ ಇವರಿಗೆ ಹೇಳಿ ಅಂದಿದ್ದೆ," ಎಂದರು ಅಮ್ಮ, ಮ್ಯಾನೇಜರ ಕಡೆ ತಿರುಗಿ.

"ಹೇಳಿದ್ರೆ ದಿನಾ ರೈಟ್ ಅಂತಿದ್ರು ಅಮ್ಮಾ," ಎಂದರು ಮ್ಯಾನೇಜರು.

"ಇವತ್ತು?" ಎಂದು ಕೇಳಿದ ರೈಟಣ್ಣ. ಆ ಮೌನ ಇನ್ನೂ ಅವನ ಕಿವಿಯಲ್ಲಿತ್ತು. "ಇವತ್ತೂ ಅಲ್ಲೇ ನಿಂತ್ರಲ್ಲ ಅಮ್ಮಾ?"

"ಇವತ್ತೂ ಮರೆತೆ. ಅದೇ ಜಾಗದಲ್ಲಿ. ಬಾಗಿಲ ಕಡೆ ನೋಡ್ತಾ ಕಾದೆ. ನೀವು ಅನ್ಲೇ ಇಲ್ಲ."

"ಅಯ್ಯೋ, ನಾನು ಕೈ ಎರಡೂ ಜೇಬಲ್ಲಿಟ್ಕೊಂಡಿದ್ದೆ ಅಮ್ಮಾ."

"ಇಟ್ಕೊಂಡಿದ್ದು ಒಳ್ಳೇದಾಯ್ತು. ಎಷ್ಟು ಹೊತ್ತು ಕಾದ್ರೂ ಅನ್ಲಿಲ್ಲ ಅಂತ ಆಮೇಲೆ ನಾನೇ ಅಂದ್ಕೊಂಡೆ, ಮನಸ್ಸಲ್ಲೇ. ರೈಟ್ ಅಂತ." ಅವರು ನಕ್ಕರು. ನಕ್ಕಾಗ ಬಹಳ ದಿನದ ಭಯ ಇಳಿದವರ ಮುಖವಾಗಿತ್ತು ಅದು. "ಇನ್ನು ನನಗೆ ಹೆದರಿಕೆ ಇಲ್ಲ. ಮರೆತ್ರೆ ಏನು ಮಾಡ್ಬೇಕು ಅಂತ ಗೊತ್ತಾಯ್ತಲ್ಲ."

"ನನಗೆ ಆ ಸುಮ್ಮನಿದ್ದದ್ದೇ ಎಲ್ಲಕ್ಕಿಂತ ಚೆನ್ನಾಗಿತ್ತು ಅಮ್ಮಾ," ಎಂದ ರೈಟಣ್ಣ.

"ನನಗೂ," ಎಂದರು ಅವರು. "ಮುಗಿದ ಮೇಲೆ."

ಹೊರಗೆ ಬಂದಾಗ ಮ್ಯಾನೇಜರು ಬೀಗದ ಗೊಂಚಲು ಹಿಡಿದು ನಿಂತಿದ್ದರು. ರೈಟಣ್ಣ ಕೇಳಿದ.

"ಸಾರ್, ನಾಳೆ?"

"ನಾಳೆ ಕೊಳಲು. ಹೊತ್ತಿಗೆ ಸರಿಯಾಗಿ ಬನ್ನಿ. ಆದ್ರೆ ಒಂದು ಉಪಕಾರ ಮಾಡಿ, ಹಾಡು ಮುಗಿದ ಮೇಲೆ ಬಾಗಿಲು ತೆಗೀರಿ ಮಾರಾಯ್ರೇ."

ರೈಟಣ್ಣನಿಗೆ ಮೆಟ್ಟಿಲಿಳಿಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬೀದಿಯಲ್ಲಿ ಗಾಳಿ ಹಿತವಾಗಿತ್ತು. ಮನೆಯ ಕಡೆಯ ಬಸ್ಸು ಬಂತು, ಇಬ್ಬರೂ ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದರು. ಹೆಂಡತಿ ಕೊರಳಿನ ಟೇಪನ್ನು ಆಗ ನೋಡಿಕೊಂಡು, ಇದನ್ನು ಹಾಕಿಕೊಂಡೇ ಅಷ್ಟು ದೊಡ್ಡವರೆದುರು ಕೂತಿದ್ದೆನೇ ಎಂದು ಹಣೆ ಚಚ್ಚಿಕೊಂಡು, ಸುತ್ತಿ ಚೀಲಕ್ಕೆ ಹಾಕಿದಳು.

"ಕೋಣನ ಮುಂದೆ ಕಿನ್ನರಿ ಬಾರಿಸಿದ್ರೆ ಕೋಣಕ್ಕೆ ಏನಾಗುತ್ತೋ ಗೊತ್ತಿಲ್ಲ," ಎಂದಳು. "ಕಿನ್ನರಿಯೋರಿಗೆ ಉಪಕಾರ ಆಯ್ತಲ್ಲ."

"ಕೋಣಕ್ಕೂ ಆಯ್ತು ಕಣೇ," ಎಂದ ರೈಟಣ್ಣ.

ಮುಂದಿನ ಸ್ಟಾಪಿನಲ್ಲಿ ಒಬ್ಬ ಮುದುಕ ಊರುಗೋಲು ಹಿಡಿದು ಹತ್ತುತ್ತಿದ್ದ. ಬಸ್ಸು ನಿಂತಲ್ಲೇ ಸಣ್ಣಗೆ ಗುಂಯ್ಗುಡುತ್ತಿತ್ತು. ಜನ ಸುಮ್ಮನೆ ಕಾಯುತ್ತಿದ್ದರು, ಕಂಡಕ್ಟರು ಎಲ್ಲೋ ಹಿಂದೆ ಟಿಕೆಟ್ ಕೊಡುತ್ತಿದ್ದ. ಹೆಂಡತಿ ಮೊಣಕೈಯಿಂದ ತಿವಿದಳು. "ಅನ್ರೀ. ಇಲ್ಲಿ ಅಂದ್ರೆ ಯಾರೂ ಬೈಯಲ್ಲ."

ರೈಟಣ್ಣ ತಲೆಯಾಡಿಸಿ ಕಾದ. ಮುದುಕ ಕಂಬಿ ಹಿಡಿದು, ಸೀಟು ತಡವಿ, ಕೂತು, ಊರುಗೋಲನ್ನು ಮೊಣಕಾಲ ನಡುವೆ ಇಟ್ಟುಕೊಳ್ಳುವ ತನಕ ಕಾದ. ಆಮೇಲೆ ಮುಂದಿನ ಸೀಟಿನ ಬೆನ್ನಿಗೆ ಬೆರಳ ತುದಿಯಿಂದ ಎರಡು ಸಲ ತಟ್ಟಿ, ಪಕ್ಕದಲ್ಲಿದ್ದವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ರೈಟ್ ಎಂದ.

ಬಸ್ಸು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಹೆಂಡತಿ, ನಾಳೆ ಕೊಳಲು ಎಷ್ಟು ಹೊತ್ತಿಗೆ ಎಂದು ಕೇಳಿದಳು.